‘ಸರ್ಟನ್’ ಎಂಬ ಶಬ್ದದ ಅರ್ಥವೂ ಪ್ರಯೋಗವೂ

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬೊಬ್ಬರ ಮನೆಯ ಪೆಟ್ಟಿಗೆಯಲ್ಲಿಯೂ, ಮದುವೆಯ ಸೀರೆಯ ಮಡಿಕೆಯ ಕೆಳಗೋ ಜಮೀನಿನ ಕಾಗದಪತ್ರಗಳ ಸಂಗಡವೋ, ಒಂದು ಸರ್ಟಿಫಿಕೇಟು ಜೋಪಾನವಾಗಿರುವುದುಂಟು. ಅಕ್ಷರ ಕಲಿಯದ ಅಜ್ಜಿಯರೂ ಈ ಹೆಸರನ್ನು ಬಲ್ಲರು. ‘ಪ್ರಮಾಣಪತ್ರ’ವೆಂದರೆ ಅವರಿಗೆ ಅರೆಕ್ಷಣ ಯೋಚನೆಯಾದೀತು, ‘ಸರ್ಟಿಫಿಕೇಟು’ ಎಂದರೆ ಆಗದು. ಈ ಹೆಸರಿನ ಮೊದಲ ಭಾಗದಲ್ಲಿ ಅಡಗಿರುವ ಲ್ಯಾಟಿನ್ ಶಬ್ದಕ್ಕೆ ನಿಶ್ಚಿತವೆಂದೂ, ಉಳಿದ ಭಾಗಕ್ಕೆ ಮಾಡುವುದೆಂದೂ ಅರ್ಥ. ನಿಶ್ಚಿತವಾಗಿ ಮಾಡಿಕೊಟ್ಟ ಪತ್ರವೇ ಸರ್ಟಿಫಿಕೇಟು. ಅದೇ ಲ್ಯಾಟಿನ್ ಶಬ್ದದಿಂದ ಇಂಗ್ಲಿಷಿಗೆ ಬಂದ ‘ಸರ್ಟನ್’ ಎಂಬ ಗುಣವಾಚಕವನ್ನು ಕುರಿತು ಈ ಸಂಚಿಕೆಯಲ್ಲಿ ನಾಲ್ಕು ಮಾತು ಬರೆಯುವುದು ನಮ್ಮ ಉದ್ದೇಶ.

ಶಬ್ದವು ಚಿಕ್ಕದು, ಮೂರನೆಯ ವರ್ಷದ ಇಂಗ್ಲಿಷ್ ಪಾಠದಲ್ಲಿಯೇ ಬಂದುಬಿಡುತ್ತದೆ. ಆದರೆ ಇಂಗ್ಲಿಷ್-ಕನ್ನಡ ನಿಘಂಟನ್ನು ತೆರೆದು ನೋಡಿದವರಿಗೆ ಅಲ್ಲಿ ಒಂದು ವಿಚಿತ್ರವು ತೋರುವುದು. ಮೊದಲಿಗೆ ನಿಶ್ಚಯವಾದ, ಖಂಡಿತವಾದ, ಸಂಶಯವಿಲ್ಲದ ಎಂಬ ಅರ್ಥಗಳು. ಅವುಗಳ ಬೆನ್ನಿಗೇ ಯಾವನೋ ಒಬ್ಬ, ಒಂದಾನೊಂದು, ಕೆಲವು ಎಂಬ ಅರ್ಥಗಳು. ಖಂಡಿತವಾದುದಕ್ಕೂ ಇಂಥದೆಂದು ಗೊತ್ತುಮಾಡದೆ ಬಿಟ್ಟುದಕ್ಕೂ ಒಂದೇ ಶಬ್ದವೇ? ಸಾಗರ, ಹೊಸನಗರ, ತೀರ್ಥಹಳ್ಳಿಗಳ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳಿಕೊಡುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ, ಇಂಗ್ಲಿಷಿನಲ್ಲಿ ಬಂದ ಕಾಗದಗಳನ್ನು ಓದಿ ರುಜು ಹಾಕಬೇಕಾದ ಪೋಷಕರಿಗೂ ಈ ತೊಡಕು ಎದುರಾಗುತ್ತಲೇ ಇರುತ್ತದೆ. ತೊಡಕನ್ನು ಬಿಡಿಸಬೇಕಾದರೆ ಶಬ್ದದ ಬೇರಿಗೆ ಹೋಗಬೇಕು.

ಲ್ಯಾಟಿನ್ ಭಾಷೆಯಲ್ಲಿ ‘ಕೆರ್ನೆರೆ’ ಎಂಬ ಧಾತುವುಂಟು. ಜರಡಿ ಹಿಡಿಯುವುದು, ಬೇರ್ಪಡಿಸುವುದು, ಆರಿಸುವುದು ಎಂದು ಅದರ ಅರ್ಥ. ಅದರಿಂದ ಹುಟ್ಟಿದ ‘ಕೆರ್ಟುಸ್’ ಎಂಬುದೇ ಇಂಗ್ಲಿಷಿನ ಸರ್ಟನ್ನಿಗೆ ಮೂಲ. (ನಮ್ಮ ‘ಕೇರು’ ಎಂಬ ಧಾತುವಿಗೂ ಇದಕ್ಕೂ ಕಿವಿಗೆ ಹೋಲಿಕೆಯುಂಟಲ್ಲದೆ ಸಂಬಂಧವೇನೂ ಇಲ್ಲ. ಅಕ್ಕಿ ಕೇರುತ್ತ ಕುಳಿತ ಹೆಣ್ಣುಮಕ್ಕಳು ಶಬ್ದವನ್ನು ನೆನಪಿಟ್ಟುಕೊಳ್ಳುವುದಕ್ಕೆ ಮಾತ್ರ ಇದು ಬಹಳ ಅನುಕೂಲ.) ಮಲೆನಾಡಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿದ ಮೇಲೆ ಮನೆಯ ಹೆಂಗಸರು ಜಗಲಿಯಲ್ಲಿ ಕುಳಿತು ಆರಿಸುತ್ತಾರೆ. ಸರಕು ಬೇರೆ, ಬೆಟ್ಟೆ ಬೇರೆ, ರಾಶಿ ಬೇರೆ, ಗೊರಬಲು ಬೇರೆ. ಆರಿಸುವುದಕ್ಕೆ ಮೊದಲು ಅದು ಬರಿಯ ಗುಪ್ಪೆ. ಅದರ ಬೆಲೆಯನ್ನು ಹೇಳುವವನು ಊಹೆಯನ್ನು ಹೇಳಿದನೆಂದೇ ಅರ್ಥ. ಆರಿಸಿದ ಮೇಲೆ ಪ್ರತಿಯೊಂದು ಚೀಲದಲ್ಲಿಯೂ ಏನಿದೆಯೆಂಬುದು ನಿಶ್ಚಿತ. ‘ಸರ್ಟನ್’ ಎಂದರೆ ಮೂಲತಃ ಹೀಗೆ ಆರಿಸಲ್ಪಟ್ಟದ್ದು. ಗಟ್ಟಿಯಾಗಿ ಹೇಳಿದ್ದರಿಂದ ನಿಶ್ಚಿತವಾದುದಲ್ಲ, ಬೇರ್ಪಡಿಸಿ ನೋಡಿದ್ದರಿಂದ ನಿಶ್ಚಿತವಾದುದು.

ಇಂಥ ನಿಶ್ಚಯಕ್ಕೆ ನಮ್ಮ ಮೂರು ತಾಲ್ಲೂಕುಗಳ ಚರಿತ್ರೆಯಲ್ಲಿಯೇ ದೊಡ್ಡದೊಂದು ನಿದರ್ಶನವಿದೆ. ಕೆಳದಿಯ ಅರಸರ ರಾಜಧಾನಿಯು ಮೊದಲು ಸಾಗರದ ಸೀಮೆಯ ಕೆಳದಿ, ತರುವಾಯ ಇಕ್ಕೇರಿ, ಅನಂತರ ಈಗಿನ ಹೊಸನಗರ ತಾಲ್ಲೂಕಿನ ನಗರವೆಂಬ ಬಿದನೂರು. ತೀರ್ಥಹಳ್ಳಿಯ ಸೀಮೆಯ ಕವಲೇದುರ್ಗವು ಅವರ ಬಲವಾದ ಕೋಟೆ. ಈ ವಂಶದಲ್ಲಿ 1645ರಿಂದ 1660ರ ವರೆಗೆ ಆಳಿದ ಶಿವಪ್ಪನಾಯಕನ ‘ಶಿಸ್ತು’ ಪ್ರಸಿದ್ಧವಾದುದು. ಆತನು ಗ್ರಾಮಗ್ರಾಮಗಳಲ್ಲಿ ಒಂದೊಂದು ತರಗತಿಯ ಭೂಮಿಯನ್ನು ಆರಿಸಿ, ಹನ್ನೆರಡು ವರ್ಷಗಳ ಕಾಲ ಸರ್ಕಾರದ ವೆಚ್ಚದಲ್ಲಿಯೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜ, ತಗುಲಿದ ಖರ್ಚು, ಬಂದ ಬೆಳೆ, ಅದರ ಬೆಲೆ ಇವೆಲ್ಲವನ್ನೂ ಲೆಕ್ಕವಿಡಿಸಿ, ಸರಾಸರಿ ತೆಗೆದು ಕಂದಾಯವನ್ನು ಗೊತ್ತುಮಾಡಿದನೆಂದು ಹೇಳಿಕೆಯಿದೆ. ಒಂದು ವರ್ಷದ ಸುಗ್ಗಿಯನ್ನು ನೋಡಿ ಕಂದಾಯ ಕಟ್ಟಿದ್ದರೆ ಅದು ಆಜ್ಞೆಯಾಗುತ್ತಿತ್ತು; ಹನ್ನೆರಡು ಮಳೆಗಾಲಗಳ ಜರಡಿಯಲ್ಲಿ ಹಾಯಿಸಿದ್ದರಿಂದ ಅದು ಶಿಸ್ತಾಯಿತು. ಸರ್ಟನ್ ಎಂಬ ಶಬ್ದದ ಹುಟ್ಟುಗುಣವನ್ನು ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಲ್ಯಾಟಿನ್ ಬಲ್ಲ ಪಂಡಿತರೂ ಕೊಡಲಾರರೆಂದು ನಮ್ಮ ಭಾವನೆ.

ನಮ್ಮ ಭಾಷೆಯಲ್ಲಿ ಇದೇ ಅರ್ಥಕ್ಕೆ ಬಳಸುವ ಶಬ್ದಗಳನ್ನೂ ಸ್ವಲ್ಪ ಪರೀಕ್ಷಿಸಬಹುದು. ‘ಖಂಡಿತ’ವೆಂದರೆ ಸಂಸ್ಕೃತದಲ್ಲಿ ತುಂಡುಮಾಡಿದ್ದು, ಮುರಿದದ್ದು. ಹಿಂದಿ, ಮರಾಠಿಗಳಲ್ಲಿ ಇಂದಿಗೂ ಅದೇ ಅರ್ಥ. ಭಗ್ನವಾದ ವಿಗ್ರಹವನ್ನು ಅವರು ಖಂಡಿತ ಮೂರ್ತಿಯೆನ್ನುತ್ತಾರೆ. ಕನ್ನಡದಲ್ಲಿ ಮಾತ್ರ ಸಂಶಯವನ್ನು ಕಡಿದುಹಾಕಿದ್ದೆಂಬ ಅರ್ಥವು ನೆಲೆಗೊಂಡಿತು. ‘ಕಡ್ಡಿ ಮುರಿದ ಹಾಗೆ’ ಹೇಳಿದನೆಂಬ ಮಾತಿನಲ್ಲಿಯೂ ಇದೇ ಭಾವನೆಯಿದೆ. ‘ಖಚಿತ’ವೆಂದರೆ ಕೆತ್ತಿ ಕೂಡಿಸಿದ್ದು, ರತ್ನಖಚಿತ ಕಿರೀಟದಲ್ಲಿ ಹರಳು ಅಲುಗದ ಹಾಗೆ ಕುಳಿತಿರುವುದರಿಂದ ಅಲುಗದ ಮಾತಿಗೂ ಆ ಹೆಸರು. ‘ಖಾತ್ರಿ’ಯು ಮರಾಠಿಯ ಮೂಲಕ ಬಂದುದು, ಅದರ ಮೂಲವಾದ ಅರಬ್ಬಿ ಶಬ್ದಕ್ಕೆ ಮನಸ್ಸೆಂದು ಅರ್ಥ. ‘ದಿಟ’ವನ್ನು ‘ದೃಷ್ಟ’ದ ತದ್ಭವವೆಂದು ಹೇಳುವವರುಂಟು, ಹಾಗಾದರೆ ಕಣ್ಣಾರೆ ಕಂಡದ್ದೇ ದಿಟ. ಕಡಿದದ್ದು, ಕೂಡಿಸಿದ್ದು, ಮನಸ್ಸಿಗೆ ಒಪ್ಪಿದ್ದು, ಕಂಡದ್ದು: ಇಷ್ಟು ದಾರಿಗಳಿಂದ ನಾವು ನಿಶ್ಚಯಕ್ಕೆ ಬರುತ್ತೇವೆ. ಇವುಗಳಲ್ಲಿ ಯಾವುದೂ ಸರ್ಟನ್ನಿಗೆ ಸರಿಸಮಾನವಲ್ಲ. ಆರಿಸಿದ್ದೆಂಬ ಭಾವವು ಇವುಗಳಲ್ಲಿ ಇಲ್ಲದಿರುವುದೇ ಇದಕ್ಕೆ ಕಾರಣ.

ಇಂಗ್ಲಿಷಿನಲ್ಲಿಯೇ ಇದಕ್ಕೊಂದು ಜೊತೆಶಬ್ದವಿದೆ: ‘ಷೂರ್’. ಬಹುಮಟ್ಟಿಗೆ ಒಂದರ ಸ್ಥಾನದಲ್ಲಿ ಇನ್ನೊಂದನ್ನು ಇಡಬಹುದು. ಆದರೂ ಹುಟ್ಟು ಬೇರೆ. ಷೂರ್ ಎಂಬುದು ‘ಸೆಕ್ಯೂರುಸ್’ ಎಂಬ ಲ್ಯಾಟಿನ್ ಶಬ್ದವು ಫ್ರೆಂಚರ ಬಾಯಲ್ಲಿ ಸವೆದು ಬಂದ ರೂಪ. ಚಿಂತೆಯಿಲ್ಲದ್ದು ಎಂದು ಅದರ ಅರ್ಥ. ಆದಕಾರಣ ಷೂರ್ ಎನ್ನುವವನು ನಿಶ್ಚಿಂತನು, ಸರ್ಟನ್ ಎನ್ನುವವನು ನಿಶ್ಚಿತನು. ನಿಶ್ಚಿಂತನಾಗಿರುವುದಕ್ಕೆ ಪರೀಕ್ಷೆ ಮಾಡಿ ನೋಡಿರಬೇಕೆಂಬ ನಿಯಮವಿಲ್ಲ! ಈ ಭೇದವು ಪ್ರಯೋಗದಲ್ಲಿಯೂ ಒಂದು ಕಡೆ ತಲೆಯೆತ್ತುತ್ತದೆ. ಯಾರ ಹೆಸರನ್ನೂ ಹೇಳದೆ, ಇಂಥ ಸಂಗತಿ ನಿಶ್ಚಯವೆಂದು ಹೇಳುವಾಗ ‘ಇಟ್ ಈಸ್ ಸರ್ಟನ್ ದಟ್’ ಎಂದು ವಾಕ್ಯವನ್ನು ತೊಡಗಬಹುದು. ‘ಇಟ್ ಈಸ್ ಷೂರ್ ದಟ್’ ಎಂದು ತೊಡಗುವುದು ಶುದ್ಧವಲ್ಲ. ಚಿಂತೆಯೂ ನಿಶ್ಚಿಂತೆಯೂ ಮನುಷ್ಯರಿಗೆ ಉಂಟು, ಸಂಗತಿಗಳಿಗಿಲ್ಲ ಎಂದು ನೆನಪಿಟ್ಟರೆ ವಿದ್ಯಾರ್ಥಿನಿಯರು ಇಲ್ಲಿ ತಪ್ಪಲಾರರು.

ಇನ್ನು ಮೊದಲು ಹೇಳಿದ ತೊಡಕಿಗೆ ಬರೋಣ. ಆರಿಸಿ ಬೇರೆಯಿಟ್ಟದ್ದು ಎಂಬ ಮೂಲಾರ್ಥವನ್ನು ಹಿಡಿದರೆ ಎರಡನೆಯ ಅರ್ಥವೂ ತಾನಾಗಿ ಬಿಚ್ಚಿಕೊಳ್ಳುವುದು. ಹೇಳುವವನು ತನ್ನ ಮನಸ್ಸಿನಲ್ಲಿ ಒಬ್ಬನನ್ನು ಆರಿಸಿಕೊಂಡಿದ್ದಾನೆ. ಆದರೆ ಆತನ ಹೆಸರನ್ನು ಕೇಳುವವನಿಗೆ ತಿಳಿಸಿಲ್ಲ. ಹೇಳುವವನ ಪಾಲಿಗೆ ನಿಶ್ಚಿತ, ಕೇಳುವವನ ಪಾಲಿಗೆ ಅನಿಶ್ಚಿತ. ಗುಟ್ಟು ಎಂಬ ಅರ್ಥದ ಇಂಗ್ಲಿಷ್ ಶಬ್ದವಾದ ‘ಸೀಕ್ರೆಟ್’ ಕೂಡ ಇದೇ ಧಾತುವಿನಿಂದ ಹುಟ್ಟಿದುದು, ಬೇರೆಯಾಗಿ ತೆಗೆದಿಟ್ಟದ್ದು ಎಂಬರ್ಥದಲ್ಲಿ. ಸರ್ಟನ್ನೂ ಸೀಕ್ರೆಟ್ಟೂ ಒಂದೇ ತಾಯಿಯ ಮಕ್ಕಳೆಂದು ತಿಳಿದ ಮೇಲೆ ಆಶ್ಚರ್ಯಪಡಲು ಏನೂ ಉಳಿಯದು.

1611ರಲ್ಲಿ ಅಚ್ಚಾದ ಇಂಗ್ಲಿಷ್ ಬೈಬಲನ್ನು ಓದಿದವರು ಈ ಪ್ರಯೋಗವನ್ನು ಚೆನ್ನಾಗಿ ಬಲ್ಲರು. ಲೂಕನ ಸುವಾರ್ತೆಯ ಸಾಮ್ಯಗಳಲ್ಲಿ, ಕಳ್ಳರ ಕೈಗೆ ಸಿಕ್ಕಿದ ಪ್ರಯಾಣಿಕನೂ ಇಬ್ಬರು ಮಕ್ಕಳ ತಂದೆಯೂ ಹೆಸರಿಲ್ಲದೆ, ಈ ಗುಣವಾಚಕವೊಂದನ್ನೇ ಹೊತ್ತು ಕಥೆಯೊಳಗೆ ಬರುತ್ತಾರೆ. ಗ್ರೀಕ್ ಮೂಲದಲ್ಲಿ ಅಲ್ಲಿರುವುದು ಯಾವನೋ ಒಬ್ಬನೆಂಬ ಅರ್ಥದ ಚಿಕ್ಕ ಸರ್ವನಾಮ. ಆ ಮನುಷ್ಯನು ಇದ್ದದ್ದು ನಿಶ್ಚಯವೆಂದು ಇಲ್ಲಿ ಅರ್ಥಮಾಡಬಾರದು. ನಮ್ಮ ಕಥೆಗಾರರ ‘ಒಬ್ಬಾನೊಬ್ಬ’, ‘ಒಂದಾನೊಂದು’ ಎಂಬವೇ ಇದಕ್ಕೆ ಸಲ್ಲುವ ಮಾತುಗಳು. ಸಾಮಾನ್ಯವಾಗಿ ಹೇಳುವುದಾದರೆ, ಸರ್ಟನ್ ಎಂಬುದು ನಾಮಪದದ ಮುಂದೆ ನಿಂತರೆ ‘ಇಂಥ’, ‘ಕೆಲವು’ ಎಂಬರ್ಥವನ್ನೂ, ವಾಕ್ಯದ ಕೊನೆಯ ಕಡೆಗೆ ಕ್ರಿಯಾಪದದ ಮೇಲೆ ನಿಂತರೆ ‘ನಿಶ್ಚಯ’ವೆಂಬರ್ಥವನ್ನೂ ಕೊಡುತ್ತದೆ. ‘ಸರ್ಟನ್ ಡೆತ್’ ಎಂಬಂಥ ಕೆಲವು ಪ್ರಯೋಗಗಳು ಇದಕ್ಕೆ ಅಪವಾದ. ಅಲ್ಲಿ ಮುಂದೆ ನಿಂತರೂ ತಪ್ಪದ ಮರಣವೆಂದೇ ಅರ್ಥ. ವ್ಯಕ್ತಿಯ ಹೆಸರಿನ ಮುಂದೆ ಇದನ್ನು ಸೇರಿಸುವಾಗಲೂ ಎಚ್ಚರವಿರಬೇಕು. ‘ಎ ಸರ್ಟನ್ ಮಿಸ್ಟರ್ ರಾವ್’ ಎಂದರೆ ರಾವ್ ಎಂಬವರು ಯಾರೋ ಒಬ್ಬರು, ನನಗೆ ಅವರ ಪರಿಚಯವಿಲ್ಲ ಎಂದಾಗುತ್ತದೆ. ಗೌರವಸ್ಥರ ಎದುರಿಗೆ ಹೀಗೆನ್ನುವುದು ಮರ್ಯಾದೆಯಲ್ಲ. ‘ಸರ್ಟನ್’ ವಯಸ್ಸಿನ ಹೆಂಗಸು ಎಂದು ಇಂಗ್ಲಿಷರು ಹೇಳುವುದಂತೂ ವಯಸ್ಸನ್ನು ಮರೆಸುವುದಕ್ಕೆ. ನಮ್ಮಲ್ಲಿ ಆ ಕಷ್ಟವಿಲ್ಲ; ಕೇಳುವವರು ನೇರವಾಗಿ ಕೇಳಿಬಿಡುತ್ತಾರೆ.

ಈ ಭೇದವು ಕೇವಲ ವ್ಯಾಕರಣದ್ದೆಂದು ಯಾರಾದರೂ ತಿಳಿದರೆ, ನಮ್ಮ ಸೀಮೆಯ ಹಿರಿಯರನ್ನು ಕೇಳಬೇಕು. ಜೋಗದ ವಿದ್ಯುತ್ತಿಗಾಗಿ ಶರಾವತಿಗೆ ಮೊದಲು ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟನ್ನು ಕಟ್ಟಲಾಯಿತು. ಅನಂತರ 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ, ಸಾಗರ ಹೊಸನಗರ ತಾಲ್ಲೂಕುಗಳ ಊರು, ಗದ್ದೆ, ತೋಟಗಳ ಸಂಗಡ ಆ ಮೊದಲಿನ ಅಣೆಕಟ್ಟೂ ನೀರಿನಲ್ಲಿ ಮುಳುಗಿತು. ಬೇಸಗೆಯಲ್ಲಿ ನೀರು ಬಹಳವಾಗಿ ಇಳಿದ ವರ್ಷಗಳಲ್ಲಿ ಅದು ಈಗಲೂ ಮೇಲೆ ಕಾಣಿಸಿಕೊಳ್ಳುವುದುಂಟು. ಇಂಥ ಕಾಲದಲ್ಲಿ ಮನೆಗೆ ಬರುವ ಕಾಗದದ ಒಂದೊಂದು ಶಬ್ದಕ್ಕೂ ತೂಕವಿರುತ್ತದೆ. ಇಂಗ್ಲಿಷಿನಲ್ಲಿ ‘ಸರ್ಟನ್ ಲ್ಯಾಂಡ್ಸ್’ ಎಂದಿದ್ದರೆ ನಿಶ್ಚಯವಾದ ಜಮೀನುಗಳೆಂದಲ್ಲ, ಕೆಲವು ಜಮೀನುಗಳೆಂದು ಮಾತ್ರ. ಯಾವುವೆಂಬುದನ್ನು ಅದರ ಕೆಳಗಣ ಪಟ್ಟಿಯಲ್ಲಿ ಸರ್ವೆ ನಂಬರು ಹಿಡಿದು ನೋಡಬೇಕು. ಅದಲ್ಲದೆ, 1894ರ ಭೂಸ್ವಾಧೀನದ ಕಾನೂನಿನಲ್ಲಿ ನಿಶ್ಚಯಕ್ಕೆ ಎರಡು ಮೆಟ್ಟಿಲುಗಳನ್ನು ಇಟ್ಟಿದ್ದರು. ನಾಲ್ಕನೆಯ ಕಲಮಿನ ಪ್ರಕಟನೆಯಲ್ಲಿ ಜಮೀನು ಬೇಕಾಗಿದೆ ಅಥವಾ ಬೇಕಾಗಬಹುದು ಎಂದಿರುತ್ತಿತ್ತು; ಆಕ್ಷೇಪಣೆಗಳನ್ನು ವಿಚಾರಿಸಿದ ತರುವಾಯ ಆರನೆಯ ಕಲಮಿನ ಘೋಷಣೆಯಲ್ಲಿ ಬೇಕಾಗಿದೆ ಎಂದೇ ಬರುತ್ತಿತ್ತು. ಮೊದಲನೆಯ ಮೆಟ್ಟಿಲಿನಲ್ಲಿರುವಾಗಲೇ ಎಲ್ಲವೂ ಮುಗಿಯಿತೆಂದು ಕೈಚೆಲ್ಲಿ ಕುಳಿತವನು ಆಕ್ಷೇಪಣೆಯ ಅವಧಿಯನ್ನು ಕಳೆದುಕೊಳ್ಳುತ್ತಿದ್ದನು. 2013ರಲ್ಲಿ ಆದ ಹೊಸ ಕಾನೂನು 2014ರ ಜನವರಿ 1ರಿಂದ ಅದರ ಸ್ಥಾನಕ್ಕೆ ಬಂದಿದೆ. ಆದರೂ ಆಗಿದೆ ಎಂಬುದಕ್ಕೂ ಆಗಬಹುದು ಎಂಬುದಕ್ಕೂ ನಡುವಣ ಅಂತರವನ್ನು ಯಾವ ಕಾನೂನೂ ತೆಗೆದುಹಾಕಿಲ್ಲ.

ಈ ಶಬ್ದದ ವಿಷಯದಲ್ಲಿ ನಮ್ಮ ಹೆಣ್ಣುಮಕ್ಕಳು ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದ ಮಾತೊಂದು ಉಳಿದಿದೆ. ‘ಷಿ ಈಸ್ ಸರ್ಟನ್ ಟು ಕಮ್’ ಎಂಬುದೊಂದು ವಾಕ್ಯ. ‘ಷಿ ಈಸ್ ಸರ್ಟನ್ ದಟ್ ಷಿ ವಿಲ್ ಕಮ್’ ಎಂಬುದು ಇನ್ನೊಂದು. ಎರಡರಲ್ಲಿಯೂ ಕರ್ತೃ ಆಕೆಯೇ. ಎರಡೂ ಆಕೆ ಬರುವುದನ್ನೇ ಹೇಳುತ್ತವೆ. ಆದರೆ ನಿಶ್ಚಯವು ಯಾರದು? ಮೊದಲನೆಯದರಲ್ಲಿ ನಿಶ್ಚಯವು ಮಾತನಾಡುವವನದು. ಆಕೆ ಬಂದೇ ಬರುವಳೆಂದು ಆತನು ಬಲ್ಲನು, ಆಕೆಯ ಮನಸ್ಸಿನಲ್ಲಿ ಏನಿದೆಯೋ ಅದನ್ನು ಯಾರೂ ಕೇಳಿಲ್ಲ. ಎರಡನೆಯದರಲ್ಲಿ ನಿಶ್ಚಯವು ಆಕೆಯ ಸ್ವಂತದ್ದು. ಇಂಗ್ಲಿಷಿನಲ್ಲಿ ಒಂದು ‘ಟು’, ಒಂದು ‘ದಟ್’ ಇಷ್ಟೇ ಮಾಡುವ ಈ ಕೆಲಸವನ್ನು ಕನ್ನಡವು ವಿಭಕ್ತಿಯಿಂದ ಮಾಡುತ್ತದೆ. ‘ಆಕೆ ಬರುವುದು ನಿಶ್ಚಯ’ ಎಂದರೆ ಮೊದಲನೆಯದು. ‘ತಾನು ಬರುವೆನೆಂದು ಆಕೆಗೆ ನಿಶ್ಚಯವಿದೆ’ ಎಂದರೆ ಎರಡನೆಯದು. ‘ಆಕೆಗೆ’ ಎಂಬ ಚತುರ್ಥಿಯು ಬಂದಲ್ಲಿ ನಿಶ್ಚಯವು ಆಕೆಯ ಮನೆಯೊಳಗೆ ಬಂದಿತೆಂದು ತಿಳಿಯಬಹುದು.

ನಮ್ಮಲ್ಲಿ ಮದುವೆಗೆ ಮೊದಲು ನಡೆಯುವ ಶಾಸ್ತ್ರಕ್ಕೆ ನಿಶ್ಚಿತಾರ್ಥವೆಂದು ಹೆಸರು. ಹಿರಿಯರು ಕುಳಿತು, ತಾಂಬೂಲ ಬದಲಾಯಿಸಿ, ಇಂಥ ಹುಡುಗಿ ಇಂಥ ಹುಡುಗನಿಗೆ ಎಂದು ಗೊತ್ತುಮಾಡುವರು. ಬಹುಕಾಲ ಅಲ್ಲಿದ್ದ ನಿಶ್ಚಯವೆಲ್ಲ ‘ಟು’ ಎಂಬ ಜಾತಿಯದು, ‘ದಟ್’ ಎಂಬ ಜಾತಿಯದಲ್ಲ; ಹುಡುಗಿಯ ವಿಷಯವಾಗಿ ನಿಶ್ಚಯವಿತ್ತು, ಹುಡುಗಿಗೆ ನಿಶ್ಚಯವಿತ್ತೋ ಇಲ್ಲವೋ ಎಂಬ ಪ್ರಶ್ನೆಯೇ ಏಳುತ್ತಿರಲಿಲ್ಲ. ಓದಿನ ವಿಷಯವೂ ಹಾಗೆಯೇ. 1917ರಲ್ಲಿ ತೀರ್ಥಹಳ್ಳಿಯಲ್ಲಿ ಹುಟ್ಟಿದ ಶ್ರೀಮತಿ ಎಂ. ಕೆ. ಇಂದಿರಾ ಅವರಿಗೆ ದೊರೆತ ಶಾಲೆಯ ಓದು ಏಳು ವರ್ಷಗಳದ್ದು ಮಾತ್ರ, ಆಮೇಲೆ ಮದುವೆ. ಅಂಥ ಬಾಲಕಿಯರನ್ನು ಕುರಿತು ಅಂದಿನ ಲೋಕವು ಬರೆಯಬಹುದಾಗಿದ್ದ ವಾಕ್ಯವೊಂದೇ: ಇವಳು ಒಲೆಯ ಮುಂದೆ ಬಾಳುವುದು ನಿಶ್ಚಯ. ಆದರೆ ಅವರ ‘ತುಂಗಭದ್ರ’ ಕಾದಂಬರಿಯು 1963ರಲ್ಲಿ ಹೊರಬಂದಿತು. 1976ರಲ್ಲಿ ಬಾಲವಿಧವೆಯೊಬ್ಬಳ ಬಾಳನ್ನು ಚಿತ್ರಿಸುವ ‘ಫಣಿಯಮ್ಮ’ ಪ್ರಕಟವಾಯಿತು. ಲೋಕದ ನಿಶ್ಚಯವನ್ನು ಜರಡಿ ಹಿಡಿದಾಗ ಎಷ್ಟು ಹೊಟ್ಟು ಹಾರುವುದೆಂಬುದಕ್ಕೆ ಇದೊಂದು ದೃಷ್ಟಾಂತ. ಮಗಳ ಮುಂದಿನ ಓದನ್ನು ಕುರಿತು ಶಾಲೆಗೆ ಕಾಗದ ಬರೆಯುವ ತಂದೆಯು, ತನ್ನ ಇಂಗ್ಲಿಷ್ ವಾಕ್ಯದಲ್ಲಿ ಯಾವ ಅವ್ಯಯವನ್ನು ಇಡುತ್ತಿದ್ದೇನೆಂದು ಒಂದು ಗಳಿಗೆ ನಿಂತು ನೋಡಿದರೆ ಲೇಸು. ಒಂದು ಮಾತು ಮಗಳನ್ನೂ ಕೇಳಿ ನೋಡಿದರೆ ಇನ್ನೂ ಲೇಸು.

ನಿಷೇಧವು ಸೇರಿದಾಗ ಮತ್ತೊಂದು ಸೂಕ್ಷ್ಮವುಂಟು. ‘ಸರ್ಟನ್ ನಾಟ್ ಟು ಕಮ್’ ಎಂದರೆ ಬಾರದಿರುವುದು ಖಂಡಿತ. ‘ನಾಟ್ ಸರ್ಟನ್ ಟು ಕಮ್’ ಎಂದರೆ ಬಂದರೂ ಬರಬಹುದು, ಬಾರದಿದ್ದರೂ ಇರಬಹುದು. ಕನ್ನಡದಲ್ಲಿಯೂ ‘ಖಂಡಿತ ಬರುವುದಿಲ್ಲ’ ಎಂಬುದೂ ‘ಬರುವುದು ಖಂಡಿತವಲ್ಲ’ ಎಂಬುದೂ ಬೇರೆಬೇರೆ. ಮೊದಲನೆಯದು ಬಾಗಿಲು ಮುಚ್ಚಿದಂತೆ, ಎರಡನೆಯದು ಅರೆ ತೆರೆದಿಟ್ಟಂತೆ. ತರ್ಜುಮೆಯ ಪ್ರಶ್ನೆಗಳಲ್ಲಿ ಮಕ್ಕಳು ಇವೆರಡನ್ನು ಅದಲು ಬದಲು ಮಾಡಿಬಿಡುವುದುಂಟು.

ಕೊನೆಗೆ ಈ ಶಬ್ದದ ಬಲವನ್ನು ಕುರಿತು. ನಿಶ್ಚಯವನ್ನು ಹೇಳುವ ಶಬ್ದ ಸೇರಿದರೆ ಮಾತಿಗೆ ಬಲ ಬರುವುದೆಂದು ತೋರುವುದು ಸಹಜ. ಪರೀಕ್ಷಿಸಿ ನೋಡಿದರೆ ಹಲವು ವೇಳೆ ವಿಪರೀತವೇ ಸರಿ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುವ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ, ಆಷಾಢದ ದಿನ ಬಾಗಿಲಲ್ಲಿ ನಿಂತವನು ‘ಮಳೆ ಬರುತ್ತಿದೆ’ ಎಂದಷ್ಟೇ ಹೇಳುತ್ತಾನೆ. ಶಿವಮೊಗ್ಗೆಯಲ್ಲಿ ಕುಳಿತವನು ‘ಆಗುಂಬೆಯಲ್ಲಿ ಈಗ ಖಂಡಿತ ಮಳೆ ಬರುತ್ತಿದೆ’ ಎನ್ನುತ್ತಾನೆ. ಖಂಡಿತವೆಂಬ ಮಾತು ಬೇಕಾದುದು ಕಾಣದವನಿಗೆ, ಕಂಡವನಿಗಲ್ಲ. ಇಂಗ್ಲಿಷಿನ ‘ಐ ಆಮ್ ಸರ್ಟನ್’ ಕೂಡ ಹೀಗೆಯೇ: ನಾನು ಕಣ್ಣಾರೆ ನೋಡಿಲ್ಲ, ಆದರೆ ವಿಚಾರಿಸಿ ತೂಗಿ ಈ ತೀರ್ಮಾನಕ್ಕೆ ಬಂದಿದ್ದೇನೆ ಎಂದು ಅದು ಒಳಗಿಂದ ಒಪ್ಪಿಕೊಳ್ಳುತ್ತದೆ. ಮದುವೆಯ ಕರೆಯೋಲೆ ಕೊಟ್ಟಾಗ ‘ಖಂಡಿತ ಬರುತ್ತೇವೆ’ ಎಂದು ಎರಡೆರಡು ಬಾರಿ ಹೇಳಿದವರ ಎಲೆಗಳು ಎಷ್ಟು ಖಾಲಿ ಉಳಿದವೆಂಬುದನ್ನು ಅಡಿಗೆಯವರು ಬಲ್ಲರು.

ಇದೇ ಕುಟುಂಬದ ‘ಸರ್ಟಿಫೈ’ ಎಂಬ ಕ್ರಿಯಾಪದವು ಶಾಲೆಯ ಅರ್ಜಿಗಳ ಕೆಳಭಾಗದಲ್ಲಿ, ಪೋಷಕರ ರುಜುವಿನ ಮೇಲ್ಗಡೆ ಸಣ್ಣ ಅಕ್ಷರಗಳಲ್ಲಿ ಇರುತ್ತದೆ. ಮೇಲೆ ಬರೆದಿರುವ ಜನ್ಮದಿನ ಮುಂತಾದ ವಿವರಗಳನ್ನು ತಾವು ಪರಿಶೀಲಿಸಿ ನಿಶ್ಚಯಮಾಡಿಕೊಂಡಿರುವುದಾಗಿ ಅಲ್ಲಿ ರುಜು ಹಾಕುವವರು ಹೇಳುತ್ತಾರೆ. ಬಹಳಷ್ಟು ಅರ್ಜಿಗಳಲ್ಲಿ ಅದರ ಜೊತೆಗೆ, ತಮಗೆ ತಿಳಿದಮಟ್ಟಿಗೆ ಎಂಬರ್ಥದ ಮಾತೂ ಇರುವುದು. ಆ ಮಾತು ನಿಶ್ಚಯಕ್ಕೊಂದು ಬೇಲಿ. ಮಗುವು ಹುಟ್ಟಿದ್ದು ದೀಪಾವಳಿಯ ಹಿಂದುಮುಂದಿನ ದಿನವೆಂದು ಮಾತ್ರ ಮನೆಯಲ್ಲಿ ನೆನಪಿದ್ದರೆ, ಕೈಗೆ ಬಂದ ತಾರೀಖೊಂದನ್ನು ತುಂಬಿ ಕಳುಹಿಸುವುದಕ್ಕೆ ಮೊದಲು ಜನನದ ರಿಜಿಸ್ಟರನ್ನು ತೆಗೆಸಿ ನೋಡತಕ್ಕದ್ದು. ಶಾಲೆಯ ಪುಸ್ತಕದಲ್ಲಿ ಒಮ್ಮೆ ಬರೆದ ಜನ್ಮದಿನವು ಕೊನೆಯ ಪರೀಕ್ಷೆಯ ಸರ್ಟಿಫಿಕೇಟಿಗೆ ಹೋಗುವುದು. ಆಮೇಲೆ ಅದನ್ನು ತಿದ್ದಿಸುವುದು ಬಹು ಪ್ರಯಾಸದ ಕೆಲಸ.